ಲಾಠಿ ಏಳುವ ಮೊದಲು

ಬೆಂಗಳೂರಿನ ಜೆ.ಸಿ. ನಗರದ ಠಾಣೆಗೆ 2021ರ ಆಗಸ್ಟ್ ಮೊದಲ ವಾರದಲ್ಲಿ ಕಾಂಗೋ ದೇಶದ ಯುವಕನೊಬ್ಬನನ್ನು ಮಾದಕವಸ್ತು ಪ್ರಕರಣದಲ್ಲಿ ಹಿಡಿದು ತಂದರು. ವಶದಲ್ಲಿದ್ದಾಗಲೇ ಆತ ತೀರಿಕೊಂಡ. ಹೃದಯಾಘಾತ ಎಂದರು ಪೊಲೀಸರು. ಠಾಣೆಯೆದುರು ಸೇರಿದ ಆಫ್ರಿಕನ್ನರು ಅದನ್ನು ನಂಬಲಿಲ್ಲ. ಅವರ ಮೇಲೆ ಲಾಠಿ ಬೀಸಲಾಯಿತು, ತನಿಖೆ ಸಿಐಡಿಗೆ ಹೋಯಿತು. ಆ ಸಾವಿನ ಕಾರಣವನ್ನು ತೀರ್ಮಾನಿಸುವುದು ಈ ಅಧ್ಯಾಯದ ಕೆಲಸವಲ್ಲ. ಮೈಬಣ್ಣ, ಜಾತಿ, ಧರ್ಮ ನೋಡಿ ಪೊಲೀಸರ ಕೈ ಬಿಗಿಯಾಗುತ್ತದೆಯೇ ಎಂಬುದನ್ನು ಅಳೆಯುವುದು ಹೇಗೆ ಎಂಬುದಷ್ಟೇ ಇಲ್ಲಿನ ಪ್ರಶ್ನೆ.

ಅಮೆರಿಕದಲ್ಲಿ ಅದನ್ನು ಅಳೆಯಲು ಹೊರಟವರಲ್ಲಿ ರೋಲಂಡ್ ಫ್ರೈಯರ್ ಒಬ್ಬರು. ಸ್ವತಃ ಕಪ್ಪು ವರ್ಣೀಯ ಅರ್ಥಶಾಸ್ತ್ರಜ್ಞ. ಕೈಕೋಳ ಹಾಕುವುದು, ಗೋಡೆಗೆ ಒತ್ತುವುದು ಮುಂತಾದ ಬಲಪ್ರಯೋಗಕ್ಕೆ ಕಪ್ಪುಜನ ಹೆಚ್ಚಾಗಿ ಗುರಿಯಾಗುತ್ತಾರೆ, ಆದರೆ ಗುಂಡು ಹಾರಿಸುವುದರಲ್ಲಿ ಅಂಥ ವ್ಯತ್ಯಾಸ ಕಾಣಲಿಲ್ಲ ಎಂದು 2016ರಲ್ಲಿ ಅವರು ಬರೆದಾಗ ದೊಡ್ಡ ಜಗಳವೇ ಆಯಿತು. ಟೀಕಾಕಾರರ ಆಕ್ಷೇಪ ಸರಳ: ಈ ಲೆಕ್ಕ ಶುರುವಾಗುವುದೇ ಪೊಲೀಸರು ಯಾರನ್ನಾದರೂ ತಡೆದ ಮೇಲೆ. ಸುಮ್ಮನೆ ಹೋಗುತ್ತಿದ್ದ ಕಪ್ಪು ಹುಡುಗರನ್ನೂ ತಡೆದು ಪಟ್ಟಿಗೆ ಸೇರಿಸಿದರೆ ಪಟ್ಟಿ ಉದ್ದವಾಗುತ್ತದೆ, ಅದರೊಳಗೆ ಗುಂಡೇಟು ತಿಂದವರ ಪ್ರಮಾಣ ತಾನಾಗಿಯೇ ಇಳಿಯುತ್ತದೆ. ತಾರತಮ್ಯ ಮುಚ್ಚಿಹೋಗುವುದು ಅಲ್ಲಿಯೇ. ನನಗಂತೂ ಈ ಆಕ್ಷೇಪವೇ ಸರಿಯೆನಿಸುತ್ತದೆ. ಲಾಠಿಗಿಂತ ಮೊದಲು ನೋಡಬೇಕಾದ್ದು ಪಟ್ಟಿ.

ಪಟ್ಟಿಯ ವಿಷಯದಲ್ಲಿ ನಮ್ಮ ಇತಿಹಾಸವೇನು ಕಡಿಮೆಯಲ್ಲ. ಬ್ರಿಟಿಷರ 1871ರ ಅಪರಾಧಿ ಬುಡಕಟ್ಟುಗಳ ಕಾಯ್ದೆ ಇಡೀ ಸಮುದಾಯಗಳನ್ನು ಹುಟ್ಟಿನಿಂದಲೇ ಕಳ್ಳರೆಂದು ಬರೆದಿಟ್ಟಿತು. ಹುಬ್ಬಳ್ಳಿಯಲ್ಲಿ ಅವರನ್ನು ಕೂಡಿಹಾಕಿದ್ದ ಜಾಗಕ್ಕೆ ಇಂದಿಗೂ ಸೆಟ್ಲ್‌ಮೆಂಟ್ ಎಂದೇ ಹೆಸರು. ಅದೇ ಕಾಯ್ದೆಯ ಇನ್ನೊಂದು ಭಾಗ ಹಿಜ್ಡಾಗಳ ದಾಖಲೆ ಇಡಲು ಹೇಳಿತ್ತು. 1952ರಲ್ಲಿ ಕಾಯ್ದೆ ರದ್ದಾಯಿತು, ಸರಿ. ಆದರೆ 2011ರಲ್ಲಿ ಕರ್ನಾಟಕ ಪೊಲೀಸ್ ಕಾಯ್ದೆಗೆ 36ಎ ಎಂಬ ಕಲಮು ಸೇರಿತು. ಬಾಲಕರನ್ನು ಅಪಹರಿಸುತ್ತಾರೆಂಬ ಶಂಕೆಯ ಮೇಲೆ ಹಿಜ್ಡಾಗಳ ಹೆಸರು, ವಿಳಾಸ ಬರೆದಿಡುವ ಅಧಿಕಾರ ಪೊಲೀಸ್ ಕಮಿಷನರ್‌ಗೆ ಸಿಕ್ಕಿತು! ಪ್ರಕರಣ ಹೈಕೋರ್ಟ್ ಮೆಟ್ಟಿಲೇರಿದ ಮೇಲೆ ಸರ್ಕಾರ ಸಮುದಾಯದ ಹೆಸರನ್ನು ತೆಗೆದು ‘ವ್ಯಕ್ತಿಗಳು’ ಎಂದು ತಿದ್ದಿತು.

ಈಗಿನ ಪಟ್ಟಿ ರೌಡಿ ಶೀಟ್. ಅದನ್ನು ತೆರೆಯಲು ಕೋರ್ಟಿನಲ್ಲಿ ಶಿಕ್ಷೆಯಾಗಿರಲೇಬೇಕೆಂದಿಲ್ಲ. ಚುನಾವಣೆಯೋ ಹಬ್ಬವೋ ಹತ್ತಿರ ಬಂದಾಗ ಶೀಟರ್‌ಗಳನ್ನು ಮೈದಾನಕ್ಕೆ ಕರೆಸಿ ಪರೇಡ್ ಮಾಡುತ್ತಾರೆ; ಕ್ಯಾಮೆರಾಗಳೂ ಬರುತ್ತವೆ. ಹಿಂದುಳಿದ ಹಿನ್ನೆಲೆಯವರೆಂಬ ಒಂದೇ ಕಾರಣಕ್ಕೆ ನಿರಪರಾಧಿಗಳ ಹೆಸರು ಇಂಥ ಕಡತಗಳಿಗೆ ಯಾಂತ್ರಿಕವಾಗಿ ಸೇರಬಾರದು ಎಂದು ಸುಪ್ರೀಂ ಕೋರ್ಟ್ 2024ರ ಮೇನಲ್ಲಿ ಹೇಳಿ, ರಾಜ್ಯಗಳು ತಮ್ಮ ನಿಯಮಗಳನ್ನು ಮರುಪರಿಶೀಲಿಸಲು ಸೂಚಿಸಿತು. ಹೆಸರು ಸೇರಿಸುವ ಮನಸ್ಸು ಎಂಥದು? ಕಾಮನ್ ಕಾಸ್ ಮತ್ತು ಲೋಕನೀತಿ ಸಂಸ್ಥೆಗಳು 21 ರಾಜ್ಯಗಳ ಪೊಲೀಸರನ್ನು ಮಾತಾಡಿಸಿ 2019ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ಮುಸ್ಲಿಮರಿಗೆ ಅಪರಾಧದ ಒಲವು ಸಹಜ ಎಂದು ಕಮ್ಮಿಯೋ ಹೆಚ್ಚೋ ನಂಬಿದವರು ಸುಮಾರು ಅರ್ಧದಷ್ಟು ಇದ್ದರು.

ಮತ್ತೆ ಅಳೆಯುವ ಪ್ರಶ್ನೆಗೆ ಬಂದರೆ, ಪೊಲೀಸ್ ಠಾಣೆಗಳಲ್ಲಿ ದೃಶ್ಯದ ಜೊತೆ ಧ್ವನಿಯನ್ನೂ ಹಿಡಿಯುವ ಸಿಸಿಟಿವಿ ಇರಬೇಕು, ದಾಖಲೆಯನ್ನು ಕನಿಷ್ಠ ಒಂದು ವರ್ಷ ಉಳಿಸಬೇಕು ಎಂದು ಸುಪ್ರೀಂ ಕೋರ್ಟ್ 2020ರ ಡಿಸೆಂಬರ್‌ನಲ್ಲೇ ಆದೇಶಿಸಿದೆ. ಒಂದು ಠಾಣೆಯೊಳಗಿನ ಒಂದು ಘಟನೆಗೆ ಅದು ಸಾಕ್ಷಿಯಾದೀತು. ಒಟ್ಟು ಚಿತ್ರಕ್ಕೆ ಅಂಕಿಅಂಶ ಬೇಕು. ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಜೈಲಿನಲ್ಲಿರುವವರ ಜಾತಿ, ಧರ್ಮವನ್ನು ಪ್ರಕಟಿಸುತ್ತದೆ. ಪೊಲೀಸ್ ವಶದಲ್ಲಿ ಸತ್ತವರ ಕೋಷ್ಟಕದಲ್ಲಿ ಆ ಕಾಲಂ ಇಲ್ಲ.