ಹತ್ತು ಸಾವಿರಕ್ಕೊಬ್ಬ ಕಿಡಿಗೇಡಿ!

ಹದಿನೈದು ಕೋಟಿ ಡಿಗ್ರಿ! ಸೂರ್ಯನ ಗರ್ಭಕ್ಕಿಂತ ಹತ್ತು ಪಟ್ಟು ಬಿಸಿ. ಈ ಕೆಂಡಾಮಂಡಲದ ಕಾವು ಕೆಡಿಸಲು ಎಷ್ಟು ಕೊಳೆ ಬೇಕು? ಊಹಿಸಿ! ನೂರಕ್ಕೊಂದು ಪರಮಾಣು? ಸಾವಿರಕ್ಕೊಂದು? ಊಹೂಂ, ಇನ್ನೂ ಕೆಳಗಿಳಿಯಿರಿ.

ಹತ್ತು ಸಾವಿರಕ್ಕೆ ಒಂದು! ಅಷ್ಟು ಟಂಗ್‌ಸ್ಟನ್ ಬೆರೆತರೆ ಸಾಕು, ಪರಮಾಣುಗಳನ್ನು ಬೆಸೆಯುವ ಸಮ್ಮಿಲನದ ಬೆಂಕಿ ತಾನಾಗಿ ಉರಿದೀತೆಂಬ ಆಸೆ ಬಹುಪಾಲು ಮುಗಿದಂತೆ.

ಹೌದು, ಹಳೆಯ ಬಲ್ಬಿನ ತಂತಿಯ ಟಂಗ್‌ಸ್ಟನ್ನೇ. 3,422 ಡಿಗ್ರಿಯವರೆಗೂ ಕರಗದ ಗಟ್ಟಿಗ. ಲೋಹಗಳಲ್ಲೆಲ್ಲ ಇದೇ ದಾಖಲೆ! ಅದಕ್ಕೇ ಇಂಗ್ಲೆಂಡಿನ ಕಲ್ಹಮ್‌ನಲ್ಲಿದ್ದ 'ಜೆಟ್' ಎಂಬ ಸಮ್ಮಿಲನ ಯಂತ್ರದ ತಳಕ್ಕೆ 2011ರ ಹೊತ್ತಿಗೆ ಇದನ್ನೇ ಹೊದಿಸಿದರು. ಕಾವಲಿಗೆ ನಿಂತವನೇ ಕನ್ನ ಹಾಕಿದ!

ಹೇಗೆ ಅಂತೀರಾ? ಹಗುರ ಪರಮಾಣುಗಳು ಆ ಬಿಸಿಗೆ ಎಲೆಕ್ಟ್ರಾನುಗಳನ್ನೆಲ್ಲ ಕಳೆದುಕೊಂಡು ತೆಪ್ಪಗಾಗುತ್ತವೆ. ತಳದಿಂದ ಎದ್ದು ಬೆರೆತ ಟಂಗ್‌ಸ್ಟನ್ ಹತ್ತಿರ 74 ಇವೆ. ನಲವತ್ತಕ್ಕೂ ಹೆಚ್ಚು ಉದುರಿದರೂ ಉಳಿದವು ಸುಮ್ಮನಿರುವುದಿಲ್ಲ. ಎಕ್ಸ್‌ರೇ ಚೆಲ್ಲುತ್ತ ಶಾಖವನ್ನೆಲ್ಲ ಹೊರಗೆ ಸೂಸುತ್ತವೆ.

ಈಗ ಬರುತ್ತದೆ ನೋಡಿ ಅಸಲು ಮಜಾ. ಯಂತ್ರದೊಳಗಿನ ಈ ಕಾದ ಅನಿಲ, ಅಂದರೆ ಪ್ಲಾಸ್ಮಾ, ತಿರುಗುತ್ತದೆ! ಕಾಯಿಸಲೆಂದು ಒಳಗೆ ನುಗ್ಗಿಸುವ ಕಣಗಳ ಧಾರೆಯೇ ಅದನ್ನು ತಳ್ಳುತ್ತದೆ. ಉದ್ದಿನವಡೆಯಂಥ ಆ ಉಂಗುರದ ಸುತ್ತ ಸೆಕೆಂಡಿಗೆ ಎಷ್ಟು ಸುತ್ತು? ಹತ್ತು? ನೂರು? ಹತ್ತು ಸಾವಿರ! ವೇಗ ಸೆಕೆಂಡಿಗೆ ಸುಮಾರು 200 ಕಿಲೋಮೀಟರ್. ಆ ತಿರುವಿನಲ್ಲಿ ಹೊರಕ್ಕೆಸೆಯುವ ಬಲ ಭೂಮಿಯ ಸೆಳೆತದ ನೂರು ಕೋಟಿ ಪಟ್ಟಿಗೂ ಮಿಗಿಲು. ಲೆಕ್ಕ ಹಾಕಿ ನೋಡಿ, ನಂಬಿಕೆಯೇ ಬರುವುದಿಲ್ಲ!

ಇಂಧನವಾದ ಡ್ಯೂಟೀರಿಯಮ್‌ಗೆ ಇದು ಅಷ್ಟಾಗಿ ತಾಗದು. ಬಿಸಿಗೆ ಅದೇ ಇನ್ನೂ ಜೋರಾಗಿ ಓಡುತ್ತಿರುತ್ತದೆ. ಟಂಗ್‌ಸ್ಟನ್ 92 ಪಟ್ಟು ಭಾರ! ಬಿಸಿಯಿಂದ ಅದಕ್ಕೆ ದಕ್ಕುವ ಓಟ ಈ ಗಿರಕಿಯ ವೇಗಕ್ಕಿಂತ ಕಡಿಮೆ. ಎಸೆತಕ್ಕೆ ಸಿಕ್ಕಿ ಹೊರಮಗ್ಗುಲಿಗೆ ಜಮಾಯಿಸುತ್ತದೆ. ಎಕ್ಸ್‌ರೇ ಕ್ಯಾಮೆರಾಗಳಿಗೆ ಕಂಡದ್ದೂ ಅದೇ: ಹೊರಮಗ್ಗುಲಲ್ಲಿ ಹೊಳೆಯುವ ಒಂದು ಅರ್ಧಚಂದ್ರ!

ಹಾಗಾದರೆ ಪೀಡೆ ತೊಲಗಿತೇ? ಇಲ್ಲ! ಪ್ಲಾಸ್ಮಾವನ್ನು ಹಿಡಿದಿಡುವ ಕಾಂತಕ್ಷೇತ್ರವಿರುವುದು ಪದರದೊಳಗೆ ಪದರವಾಗಿ. ಟಂಗ್‌ಸ್ಟನ್ ಸರಿದದ್ದು ತನ್ನ ಪದರದ ಮೇಲೆಯೇ, ಅದನ್ನು ದಾಟಿ ಅಲ್ಲ. ಈ ಒಂದು ಪಕ್ಕದ ಗುಂಪುಗಾರಿಕೆಯಿಂದ, ಡಿಕ್ಕಿ ಹೊಡೆಯುತ್ತ ಪದರ ದಾಟುವ ಅದರ ಜಾರಾಟ ಹತ್ತಾರು ಪಟ್ಟು ಹೆಚ್ಚಬಲ್ಲದು. ಹೊರಕ್ಕೆಸೆದ ಬಲವೇ ಒಳದಾರಿಗೆ ಎಣ್ಣೆ ಸುರಿಯಿತು!

ಜಾರುವುದು ಯಾವ ದಿಕ್ಕಿಗೆ? ಅದನ್ನು ತೀರ್ಮಾನಿಸುವುದು ಇಂಧನ. ನಡುವೆ ಇಂಧನ ಒತ್ತೊತ್ತಾಗಿದ್ದರೆ ಟಂಗ್‌ಸ್ಟನ್ ಒಳಕ್ಕೆ. ತಾಪ ನಡುವಿನಿಂದ ಅಂಚಿಗೆ ಕಡಿದಾಗಿ ಇಳಿಯುತ್ತಿದ್ದರೆ ಹೊರಕ್ಕೆ. ಹಾಗೆಂದೇ ಜೆಟ್‌ನವರು ರೇಡಿಯೊ ಅಲೆಗಳಿಂದ ನಟ್ಟನಡುವನ್ನೇ ಕಾಯಿಸಿದರು. ಅಂಚನ್ನು ಬಿಸಿಯಾಗಿಟ್ಟಾಗ ತಾಪದ ಆ ಇಳಿಜಾರೇ ಟಂಗ್‌ಸ್ಟನ್ನನ್ನು ಬಾಗಿಲಲ್ಲೇ ತಡೆದದ್ದೂ ಉಂಟು. ಇಂಥ ಕಸರತ್ತುಗಳ ನಡುವೆಯೇ 2021ರಲ್ಲಿ ಐದು ಸೆಕೆಂಡಿಗೆ 59 ಮೆಗಾಜೌಲ್ ಶಕ್ತಿ ಹೊಮ್ಮಿತು. 2023ರಲ್ಲಿ 69! ಅದಕ್ಕೆ ಉರಿದ ಇಂಧನ? 0.2 ಮಿಲಿಗ್ರಾಂ!

ಫ್ರಾನ್ಸಿನಲ್ಲಿ ಏಳುತ್ತಿರುವ 'ಈಟರ್' ಯಂತ್ರ ಇನ್ನೂ ದೊಡ್ಡದು. ಅಲ್ಲಿ ಗೋಡೆಗೂ ಟಂಗ್‌ಸ್ಟನ್ನೇ ಇರಲಿ ಎಂದು 2023ರಲ್ಲಿ ಯೋಜನೆ ಬದಲಿಸಿದ್ದಾರೆ. ಎಂಥ ಧೈರ್ಯ! ಆದರೆ ಅಷ್ಟು ದೊಡ್ಡ ಪ್ಲಾಸ್ಮಾ ಇಷ್ಟು ಜೋರಾಗಿ ತಿರುಗದು ಎಂಬುದು ವಿಜ್ಞಾನಿಗಳ ಎಣಿಕೆ. ಗಿರಕಿ ತಗ್ಗಿದರೆ ಗುಂಪುಗಾರಿಕೆಯೂ ತಗ್ಗಬೇಕಲ್ಲ!