ಪ್ರಯರ್ ಬೆಟ್ಟದ ಕುದುರೆಗಳಿಗೆ ಹುಲ್ಲೇ ಮಿತಿ

ಅಮೆರಿಕದ ಮೊಂಟಾನಾ ಮತ್ತು ವಯೋಮಿಂಗ್ ರಾಜ್ಯಗಳ ಗಡಿಯಲ್ಲಿ, ಬಿಗ್‌ಹಾರ್ನ್ ನದಿ ಕೊರೆದ ಆಳವಾದ ಕಮರಿಯ ಪಕ್ಕಕ್ಕೆ ಪ್ರಯರ್ ಪರ್ವತ ಎದ್ದು ನಿಂತಿದೆ. ತಪ್ಪಲಿನಲ್ಲಿ ಸುಮಾರು 3,900 ಅಡಿ ಎತ್ತರದಲ್ಲಿ ಕೆಂಪು ಮಣ್ಣಿನ ಒಣ ನೆಲ. ಮಳೆ ಅಪರೂಪ, ಬೆಳೆಯುವುದು ಕುರುಚಲು ಜೂನಿಪರ್ ಮತ್ತು ಸೇಜ್ ಪೊದೆ. ಸೈಕ್ಸ್ ಏಣು, ಬರ್ನ್ಟ್ ಟಿಂಬರ್ ಏಣುಗಳ ಮೇಲೆ ಹಾದುಹೋಗುವ ಕಲ್ಲುಮುಳ್ಳಿನ ದಾರಿಯಲ್ಲಿ ಏರುತ್ತಾ ಹೋದರೆ 8,700 ಅಡಿಯ ಹೊತ್ತಿಗೆ ನೋಟವೇ ಬದಲಾಗುತ್ತದೆ. ಫರ್ ಮರಗಳ ಅಂಚು, ನೀಲಿ ಲ್ಯೂಪಿನ್ ಹೂಗಳು, ಹಿಮ ಕರಗಿ ನಿಂತ ಚಿಕ್ಕ ಕೊಳಗಳು, ಅವುಗಳ ಸುತ್ತ ಮರಿಗಳೊಂದಿಗೆ ಮೇಯುವ ಕಾಡುಕುದುರೆಗಳು. ಚಳಿಗಾಲದಲ್ಲಿ ಕೆಳಗಿಳಿದು ಬೇಸಿಗೆಯಲ್ಲಿ ಮತ್ತೆ ಮೇಲೇರುವ ಈ ಕುದುರೆಗಳಿಗೆ ಮೀಸಲಾಗಿರುವ ಸರ್ಕಾರಿ ನೆಲ ಸುಮಾರು 38,000 ಎಕರೆ. ಹಲವು ಕುದುರೆಗಳ ಬೆನ್ನ ನಡುವೆ ಕತ್ತಿನಿಂದ ಬಾಲದವರೆಗೆ ಒಂದು ಕಪ್ಪು ಗೆರೆ, ಕಾಲುಗಳ ಮೇಲೆ ಜೀಬ್ರಾದಂತಹ ಪಟ್ಟೆ. ಇವುಗಳಲ್ಲಿ ಸ್ಪೇನಿನವರು ಅಮೆರಿಕಕ್ಕೆ ತಂದ ಕುದುರೆಗಳ ರಕ್ತವಿದೆ ಎಂಬುದನ್ನು ತಳಿವಿಜ್ಞಾನಿ ಗಸ್ ಕೊಥ್ರಾನ್ ಅವರ ಪರೀಕ್ಷೆಗಳು ತೋರಿಸಿವೆ.

ಈ ನೆಲ ಕುದುರೆಗಳ ಪಾಲಿಗೆ ಉಳಿದದ್ದು ಜನರ ಹೋರಾಟದಿಂದ. 1960ರ ದಶಕದ ಕೊನೆಯಲ್ಲಿ ಭೂ ನಿರ್ವಹಣಾ ಇಲಾಖೆ ಇಲ್ಲಿನ ಬಹುಪಾಲು ಕುದುರೆಗಳನ್ನು ಹಿಡಿದು ಸಾಗಿಸಲು ಹೊರಟಾಗ, ಬೆಟ್ಟದ ಬುಡದ ಲವೆಲ್ ಪಟ್ಟಣದವರು ಎದುರು ನಿಂತರು. ಎಬಿಸಿ ಟೆಲಿವಿಷನ್‌ಗಾಗಿ ಹೋಪ್ ರೈಡನ್ ಮಾಡಿದ ವರದಿ ದೇಶದ ಗಮನ ಸೆಳೆಯಿತು. 1968ರ ಸೆಪ್ಟೆಂಬರಿನಲ್ಲಿ ಒಳಾಡಳಿತ ಕಾರ್ಯದರ್ಶಿ ಸ್ಟೂವರ್ಟ್ ಉಡಾಲ್ ಇದನ್ನು ಕುದುರೆಗಳ ಮೀಸಲು ಪ್ರದೇಶವೆಂದು ಘೋಷಿಸಿದರು. ಮೂರು ವರ್ಷದ ನಂತರ, ನೆವಾಡಾದ ವೆಲ್ಮಾ ಜಾನ್‌ಸ್ಟನ್ ದಶಕಗಳ ಕಾಲ ನಡೆಸಿದ ಚಳವಳಿಯ ಫಲವಾಗಿ, ಇಡೀ ದೇಶದ ಸಾರ್ವಜನಿಕ ಹುಲ್ಲುಗಾವಲುಗಳ ಕಾಡುಕುದುರೆಗಳಿಗೆ 1971ರ ಕಾಯ್ದೆ ರಕ್ಷಣೆ ಕೊಟ್ಟಿತು. ಕೊಲ್ಲಬಾರದು, ಹಿಡಿದು ಮಾರಬಾರದು ಎಂದು ಜನರಿಗೆ ವಿಧಿಸಿದ ಆ ಕಾಯ್ದೆ, ನೆಲದ ಸಮತೋಲನವನ್ನು ಕಾಯಬೇಕೆಂದು ಸರ್ಕಾರಕ್ಕೂ ಹೇಳಿತು. ಅರ್ಧ ಶತಮಾನದ ಜಗಳವೆಲ್ಲ ಈ ಎರಡನೆಯ ಮಾತನ್ನು ಹೇಗೆ ಪಾಲಿಸಬೇಕು ಎಂಬುದರ ಸುತ್ತಲೇ ಇದೆ. ಆ ಪ್ರಶ್ನೆಗೆ ಪ್ರಯರ್ ಬೆಟ್ಟದಲ್ಲಿ ದೊರೆತಿರುವ ಉತ್ತರ ಅಪೂರ್ಣವಾದರೂ ಸರಿಯಾದ ದಿಕ್ಕಿನದು: ಹುಟ್ಟಿದ ಕುದುರೆಯನ್ನು ಬೆಟ್ಟದಿಂದ ಎಳೆದೊಯ್ಯುವುದಕ್ಕಿಂತ ಹುಟ್ಟುವ ಮರಿಗಳ ಸಂಖ್ಯೆಯನ್ನು ಬೆಟ್ಟದಲ್ಲೇ ಹಿಡಿತದಲ್ಲಿಡುವುದು ನ್ಯಾಯ, ಅಗ್ಗ, ಮತ್ತು ಹುಲ್ಲಿಗೂ ಒಳ್ಳೆಯದು.

ಹಿಡಿತ ಏಕೆ ಬೇಕು ಎಂಬುದನ್ನು ಮೊದಲು ನೋಡಬೇಕು. ಕುದುರೆಗೆ ಮೇಲೂ ಕೆಳಗೂ ಬಾಚಿಹಲ್ಲುಗಳಿವೆ. ದನಕ್ಕೆ ಮೇಲ್ದವಡೆಯಲ್ಲಿ ಅವಿಲ್ಲ. ಹೀಗಾಗಿ ಕುದುರೆ ಹುಲ್ಲನ್ನು ನೆಲಮಟ್ಟದವರೆಗೆ ಕತ್ತರಿಸಬಲ್ಲದು. ಮೆಲುಕು ಹಾಕದ ಪ್ರಾಣಿಯಾದ್ದರಿಂದ ಅದೇ ತೂಕದ ಹಸುವಿಗಿಂತ ಹೆಚ್ಚು ಮೇವು ತಿನ್ನುತ್ತದೆ. ದನಗಳನ್ನು ಒಡೆಯ ಕಾಲ ನೋಡಿ ಬೇರೆ ಕಡೆ ಹೊಡೆಯುತ್ತಾನೆ, ಕಾಡುಕುದುರೆ ವರ್ಷವಿಡೀ ಅದೇ ನೆಲದಲ್ಲಿರುತ್ತದೆ. ಮಳೆ ಕಡಿಮೆಯಿರುವ ಕಡೆ ಬುಡ ಸವೆದ ಹುಲ್ಲಿನ ಗುಪ್ಪೆ ಮತ್ತೆ ಚಿಗುರಲು ವರ್ಷಗಳೇ ಬೇಕು. ಅಷ್ಟರಲ್ಲಿ ಮೇಲ್ಮಣ್ಣು ಹೋಗಿರುತ್ತದೆ, ಕಳೆಗಿಡ ಹಬ್ಬಿರುತ್ತದೆ. ಪ್ರಯರ್‌ನ ಹಲವು ಭಾಗಗಳಲ್ಲಿ ಹೀಗೆಯೇ ಆಗಿದೆಯೆಂದು 2004ರಲ್ಲಿ ನಡೆದ ಹುಲ್ಲುಗಾವಲು ಸಮೀಕ್ಷೆ ಹೇಳಿತು. ಕುದುರೆ ಸಂತತಿ ಬೆಳೆಯುವ ವೇಗವೂ ಕಡಿಮೆಯಲ್ಲ. ಅಮೆರಿಕದ ರಾಷ್ಟ್ರೀಯ ಸಂಶೋಧನಾ ಮಂಡಳಿಯ 2013ರ ವರದಿಯ ಪ್ರಕಾರ ಹೆಚ್ಚಿನ ಹಿಂಡುಗಳು ವರ್ಷಕ್ಕೆ ಶೇ 15ರಿಂದ 20ರಷ್ಟು ಬೆಳೆಯುತ್ತವೆ. ಚಕ್ರಬಡ್ಡಿಯ ಸಾಲದ ಹಾಗೆ, ನಾಲ್ಕೈದು ವರ್ಷದಲ್ಲಿ ಹಿಂಡು ದುಪ್ಪಟ್ಟಾಗುತ್ತದೆ.

ಇದಕ್ಕೆ ಸರ್ಕಾರದ ಹಳೆಯ ಮದ್ದು ಹೆಲಿಕಾಪ್ಟರ್. ಮೇಲಿನಿಂದ ಅಟ್ಟಿ, ಬೇಲಿಯ ಬಾಯಿಗೆ ತಂದು, ಗಂಡು ಹೆಣ್ಣು ಮರಿಗಳನ್ನು ಬೇರ್ಪಡಿಸಿ ಸಾಗಿಸುವುದು. 2009ರಲ್ಲಿ ಪ್ರಯರ್‌ನಿಂದಲೇ ಹೀಗೆ 57 ಕುದುರೆಗಳನ್ನು ತೆಗೆದುಹಾಕಲಾಯಿತು. ಹಿಡಿದದ್ದಕ್ಕೆಲ್ಲ ಸಾಕುವವರು ಸಿಗುವುದಿಲ್ಲ. ದೇಶದಾದ್ಯಂತ 60,000ಕ್ಕೂ ಹೆಚ್ಚು ಕುದುರೆ, ಕತ್ತೆಗಳು ಸರ್ಕಾರದ ದೊಡ್ಡಿಗಳಲ್ಲಿ, ಗುತ್ತಿಗೆ ಹುಲ್ಲುಗಾವಲುಗಳಲ್ಲಿ ಕೊನೆಗಾಲದವರೆಗೆ ಕಾಯುತ್ತಾ ನಿಂತಿವೆ. 2023ರ ಸಾಲಿನಲ್ಲಿ ಸರ್ಕಾರದ ಕಾಡುಕುದುರೆ, ಕತ್ತೆ ಯೋಜನೆಗೆ ಖರ್ಚಾದ ಸುಮಾರು 15.8 ಕೋಟಿ ಡಾಲರ್‌ನಲ್ಲಿ ಮೂರನೇ ಎರಡು ಭಾಗಕ್ಕೂ ಮೀರಿ ಹೋದದ್ದು ಹೀಗೆ ಹಿಡಿದಿಟ್ಟವುಗಳ ಪಾಲನೆಗೆ. ಇನ್ನೊಂದು ಪರಿಣಾಮವನ್ನೂ ಅದೇ 2013ರ ವರದಿ ಗುರುತಿಸಿತು. ಹಿಂಡನ್ನು ನೆಲದ ಶಕ್ತಿಗಿಂತ ಕಡಿಮೆ ಮಟ್ಟಕ್ಕೆ ಇಳಿಸಿದರೆ ಉಳಿದವಕ್ಕೆ ಮೇವು ಸಮೃದ್ಧವಾಗಿ, ಅವು ಇನ್ನೂ ಚುರುಕಾಗಿ ಮರಿ ಹಾಕುತ್ತವೆ. ಹಿಡಿಯುವ ಕೆಲಸವೇ ಮುಂದಿನ ಹಿಡಿಯುವಿಕೆಗೆ ಕಾರಣವಾಗುತ್ತದೆ.

ಇನ್ನೊಂದು ದಾರಿ ಸಂತಾನವನ್ನೇ ತಡೆಯುವುದು. ಪ್ರಯರ್‌ನಲ್ಲಿ 2001ರಿಂದ ಇದಕ್ಕಾಗಿ ಪಿಜೆಡ್‌ಪಿ ಎಂಬ ಲಸಿಕೆಯ ಬಳಕೆ ಶುರುವಾಯಿತು. ಹಂದಿಯ ಅಂಡಾಣುವಿನ ಹೊರಪದರದಿಂದ ತಯಾರಾಗುವ ಈ ಲಸಿಕೆ ಹೆಣ್ಣುಕುದುರೆಯ ದೇಹದಲ್ಲಿ ಪ್ರತಿಕಾಯಗಳನ್ನು ಹುಟ್ಟಿಸುತ್ತದೆ. ಅವು ಅಂಡಾಣುವನ್ನು ಮುತ್ತಿಕೊಂಡು ವೀರ್ಯಾಣು ಒಳಹೋಗದಂತೆ ತಡೆಯುತ್ತವೆ. ಇದು ಹಾರ್ಮೋನ್ ಅಲ್ಲ. ಪರಿಣಾಮ ಸುಮಾರು ಒಂದು ವರ್ಷ, ಆಮೇಲೆ ಮತ್ತೆ ಕೊಡಬೇಕು. ಕೆಲಸ ನಡೆಯುವ ರೀತಿ ಸರಳ, ಆದರೆ ತಾಳ್ಮೆ ಬೇಡುವಂಥದ್ದು. ಲಸಿಕೆ ಹಾಕುವವರು ಹತ್ತಾರು ಮೀಟರ್ ದೂರಕ್ಕೆ ನಡೆದು ಬಂದು, ಹೆಣ್ಣುಕುದುರೆ ಪಕ್ಕಕ್ಕೆ ತಿರುಗಿ ನಿಲ್ಲುವವರೆಗೆ ಕಾದು, ಗಾಳಿಬಂದೂಕಿನಿಂದ ತೊಡೆಯ ದಪ್ಪ ಮಾಂಸಖಂಡಕ್ಕೆ ಡಾರ್ಟ್ ಹೊಡೆಯುತ್ತಾರೆ. ಕುದುರೆ ಬೆಚ್ಚಿ ನಾಲ್ಕು ಹೆಜ್ಜೆ ಓಡಿ ಮತ್ತೆ ಮೇಯತೊಡಗುತ್ತದೆ. ಮದ್ದು ಇಳಿದ ಡಾರ್ಟ್ ಕೆಳಗೆ ಬೀಳುತ್ತದೆ, ಅದನ್ನು ಹುಡುಕಿ ಎತ್ತಿಕೊಳ್ಳಬೇಕು. ಯಾವ ಕುದುರೆಗೆ ಹೊಡೆದದ್ದು ಎಂಬುದು ತಪ್ಪಬಾರದು. ಅದಕ್ಕೇ ಇಲ್ಲಿ ಪ್ರತಿ ಕುದುರೆಗೂ ಹೆಸರು, ತಾಯಿ ಯಾರು ಎಂಬ ದಾಖಲೆ ಇದೆ. ಲವೆಲ್‌ನ ಮಸ್ಟಂಗ್ ಕೇಂದ್ರದವರು ಒಂದೊಂದು ವರ್ಷದ ಮರಿಗಳಿಗೆಲ್ಲ ಒಂದೇ ಅಕ್ಷರದಿಂದ ಶುರುವಾಗುವ ಹೆಸರಿಡುತ್ತಾರೆ. ಹೆಸರು ಕೇಳಿದರೆ ವಯಸ್ಸು ತಿಳಿಯುತ್ತದೆ.

ಇದೆಲ್ಲ ಮನುಷ್ಯನ ಅಧಿಕಪ್ರಸಂಗ, ಪ್ರಕೃತಿಯೇ ನೋಡಿಕೊಳ್ಳುತ್ತದೆ ಎನ್ನುವವರಿದ್ದಾರೆ. ಅವರ ಕೈಯಲ್ಲಿ ಒಂದು ಬಲವಾದ ಸಾಕ್ಷ್ಯವೂ ಇದೆ: 2004ರ ಸುಮಾರಿಗೆ ಪ್ರಯರ್‌ನ ಬೆಟ್ಟಸಿಂಹಗಳು ಬಹುಪಾಲು ಮರಿಗಳನ್ನು ತಿಂದು ಹಿಂಡಿನ ಬೆಳವಣಿಗೆಯನ್ನೇ ತಡೆದಿದ್ದವು. ಆದರೆ ಅದು ಕೆಲವು ವರ್ಷದ ಮಾತು, ಬಳಿಕ ಹಿಂಡು ಮತ್ತೆ ಬೆಳೆಯಿತು. ಬೇಟೆಯಾಡುವ ಪ್ರಾಣಿಗಳು ಇಲ್ಲದ ಬಯಲುಗಳಲ್ಲಿ ಪ್ರಕೃತಿಯ ಹಿಡಿತವೆಂದರೆ ಹಸಿವು ಮತ್ತು ಬಾಯಾರಿಕೆ. ಅವು ಕುದುರೆಯನ್ನು ಕೊಲ್ಲುವ ಮುಂಚೆ ಹುಲ್ಲನ್ನೂ ನೀರಿನ ಸೆಲೆಯನ್ನೂ ಕೊಂದಿರುತ್ತವೆ. ಅದೇ ನೆಲವನ್ನು ನಂಬಿದ ದೊಡ್ಡ ಕೊಂಬಿನ ಕಾಡುಕುರಿಗಳೂ ಬೀದಿಗೆ ಬೀಳುತ್ತವೆ. ಬೇಲಿ, ಹೆದ್ದಾರಿಗಳಿಂದ ಹಿಂಡು ಬೇರೆಡೆ ಹೋಗುವ ದಾರಿಯನ್ನೆಲ್ಲ ಮುಚ್ಚಿದ ಮನುಷ್ಯ ಈಗ ಕೈಕಟ್ಟಿ ಕೂರುವುದು ಪ್ರಕೃತಿಪ್ರೇಮವಾಗಲಾರದು.

ತಳಿಯ ಆತಂಕ ಇದಕ್ಕಿಂತ ಗಂಭೀರವಾದದ್ದು. 2009ರ ಯೋಜನೆ ಇಲ್ಲಿಗೆ ನಿಗದಿಪಡಿಸಿದ ಸಂಖ್ಯೆ 90ರಿಂದ 120. ಅಷ್ಟು ಚಿಕ್ಕ ಹಿಂಡಿನಲ್ಲಿ ಸಂತಾನ ತಡೆದರೆ ವಂಶವೈವಿಧ್ಯ ಕ್ಷೀಣಿಸುವ ಅಪಾಯ ನಿಜ. ಲಸಿಕೆಯನ್ನು ವರ್ಷಾನುಗಟ್ಟಲೆ ಹಾಕುತ್ತಾ ಹೋದರೆ ಕೆಲವು ಹೆಣ್ಣುಗಳು ಮತ್ತೆ ಗರ್ಭ ಧರಿಸದೇ ಹೋಗಬಹುದು ಎಂಬುದೂ ನಿಜ. ಆದರೆ ಹೆಲಿಕಾಪ್ಟರಿಗೆ ಯಾವ ವಂಶ ಯಾವುದೆಂದು ಕಾಣುವುದಿಲ್ಲ, ದಾಖಲೆ ಪುಸ್ತಕಕ್ಕೆ ಕಾಣುತ್ತದೆ. ಇನ್ನೂ ಮರಿ ಹಾಕದ ವಂಶದ ಹೆಣ್ಣಿಗೆ ಲಸಿಕೆ ಬಿಟ್ಟು, ಸಾಕಷ್ಟು ಸಂತಾನ ಬಿಟ್ಟವಕ್ಕೆ ಮುಂದುವರಿಸುವ ಆಯ್ಕೆ ಕುದುರೆಗಳನ್ನು ಒಂದೊಂದಾಗಿ ಬಲ್ಲವರಿಗೆ ಮಾತ್ರ ಇರುತ್ತದೆ.

ಲಸಿಕೆಯೊಂದೇ ಸಾಲದು ಎಂಬುದನ್ನು ಒಪ್ಪಲೇಬೇಕು. ಅದು ಬೆಳವಣಿಗೆಯನ್ನು ನಿಧಾನಿಸುತ್ತದೆ, ಈಗಾಗಲೇ ಇರುವವನ್ನು ಕಡಿಮೆ ಮಾಡುವುದಿಲ್ಲ. 120ರ ಮಿತಿಯನ್ನು ಹಿಂಡು ಹಲವು ವರ್ಷ ಮೀರಿಯೇ ಇದ್ದದ್ದು ಇದಕ್ಕೆ ಸಾಕ್ಷಿ. ಆಗಾಗ ಕೆಲವು ಎಳೆಯ ಕುದುರೆಗಳನ್ನು ಮೇವು, ಉಪ್ಪಿನ ಆಸೆ ತೋರಿಸಿ ಮೆಲ್ಲಗೆ ಹಿಡಿದು ಸಾಕುವವರಿಗೆ ಕೊಡಬೇಕಾಗುತ್ತದೆ. ಸಂಖ್ಯೆ ಕಡಿಮೆ, ವಂಶ ಗೊತ್ತಿರುವುದು, ಹೀಗಾಗಿ ಪ್ರಯರ್ ಕುದುರೆಗೆ ಮನೆ ಸಿಗುವುದು ಸುಲಭ. ದೇಶದ ಅರ್ಧದಷ್ಟು ಕಾಡುಕುದುರೆಗಳಿರುವ ನೆವಾಡಾದ ವಿಶಾಲ ಬಯಲುಗಳಲ್ಲಿ ಇಷ್ಟು ಕೈಗೆಲಸ ಕಷ್ಟ ಎಂಬ ಆಕ್ಷೇಪವೂ ಪೂರ್ತಿ ತಪ್ಪಲ್ಲ. ಆದರೂ ಅದೇ ನೆವಾಡಾದ ವರ್ಜೀನಿಯಾ ರೇಂಜ್‌ನಲ್ಲಿ 2019ರಿಂದ ಸ್ವಯಂಸೇವಕರು ಸಾವಿರಾರು ಕುದುರೆಗಳ ನಡುವೆ ಇದೇ ಕೆಲಸ ಮಾಡುತ್ತಿದ್ದಾರೆ. ಸಾರ್ವಜನಿಕ ನೆಲದಲ್ಲಿ ಕುದುರೆಗಳಿಗಿಂತ ಎಷ್ಟೋ ಪಟ್ಟು ಹೆಚ್ಚು ದನಗಳು ಮೇಯುತ್ತಿರುವಾಗ ಲೆಕ್ಕ ಕುದುರೆಗೆ ಮಾತ್ರ ಏಕೆ ಎಂಬ ಕುದುರೆಪ್ರೇಮಿಗಳ ಪ್ರಶ್ನೆ ನ್ಯಾಯವಾದದ್ದೇ. ಬರ ಬಂದ ಕಡೆ ದನಗಳ ಪರವಾನಗಿಯನ್ನೂ ಇಳಿಸಬೇಕು. ಆದರೆ ಜಾನುವಾರು ಮೇಯದ ಪ್ರಯರ್ ಬೆಟ್ಟದಲ್ಲೂ ಹುಲ್ಲು ಸವೆದದ್ದನ್ನು ಆ ಪ್ರಶ್ನೆ ಮರೆಸಬಾರದು.

ದೊಡ್ಡಿಯಲ್ಲಿ ನಿಂತ ಕುದುರೆಗೆ ಸುರಿಯುವ ಹಣದಲ್ಲಿ ಒಂದು ಪಾಲನ್ನು ಡಾರ್ಟ್ ಹಿಡಿದು ಬೆಟ್ಟ ಹತ್ತುವವರ ಸಂಬಳಕ್ಕೆ, ದಾಖಲೆ ಇಡುವವರ ತರಬೇತಿಗೆ ತಿರುಗಿಸಲು ಅಮೆರಿಕದ ಸಂಸತ್ತು ಇನ್ನು ತಡಮಾಡಬಾರದು. ಯೆಲ್ಲೊಸ್ಟೋನ್ ನೋಡಲು ಕೋಡಿ ಪಟ್ಟಣದ ದಾರಿಯಲ್ಲಿ ಹೋಗುವ ಕನ್ನಡಿಗರಿಗೆ ಲವೆಲ್ ಅಲ್ಲಿಂದ ಒಂದು ಗಂಟೆಯ ದಾರಿ. ಕಮರಿಯ ಪಕ್ಕದ 37ನೇ ಹೆದ್ದಾರಿಯಲ್ಲಿ ಕಾರಿನಿಂದಲೇ ಕೆಲವು ಕುದುರೆಗಳು ಕಾಣಬಹುದು. ಬೆಟ್ಟದ ನೆತ್ತಿಗೆ ಮಾತ್ರ ಎತ್ತರದ ಫೋರ್ ವೀಲ್ ಡ್ರೈವ್ ವಾಹನ ಬೇಕು, ಅದೂ ಹಿಮ ಕರಗಿದ ಮೇಲೆ. ಕುದುರೆಗಳಿಂದ ಕನಿಷ್ಠ 100 ಅಡಿ ದೂರವಿರಿ, ಏನನ್ನೂ ತಿನ್ನಿಸಬೇಡಿ.