ಮಸಿಯಿಲ್ಲದ ಮಸಿಚಿತ್ರ

ಮಂಜಿನಲ್ಲಿ ಅರ್ಧ ಮುಳುಗಿದ ಬೆಟ್ಟಗಳು, ಬಂಡೆಯ ಸಂದಿಯಿಂದ ಇಣುಕುವ ಮರಗಳು. 2011ರಲ್ಲಿ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಬೆಳಗುತ್ತಿದ್ದ ಆ ಎತ್ತರದ ಚಿತ್ರ ನೋಡಿದವರಿಗೆ ಅದು ಚೀನಾದ ಹಳೆಯ ಕೃತಿ ಎಂಬುದರಲ್ಲಿ ಅನುಮಾನವಿರಲಿಲ್ಲ. ಹಿಂಬದಿಗೆ ಹೋದರೆ ಕಂಡದ್ದು ಒಣ ಕೊಂಬೆ, ನಾರು, ಮುದುರಿದ ಕಾಗದ, ಒಂದಿಷ್ಟು ಕಸ! ಮಸಿ ಮಾತ್ರ ಒಂದು ಹನಿಯೂ ಇರಲಿಲ್ಲ.

ಇದನ್ನು ಕಟ್ಟಿದವರು 1955ರಲ್ಲಿ ಚೀನಾದ ಚೊಂಗ್‌ಚಿಂಗ್‌ನಲ್ಲಿ ಹುಟ್ಟಿದ ಶು ಬಿಂಗ್. ಕೃತಿಮಾಲೆಯ ಹೆಸರು 'ಹಿನ್ನೆಲೆಯ ಕಥೆ'. ಲಂಡನ್ನಿನ ಕೃತಿಗೆ ಆಧಾರವಾದದ್ದು ಅದೇ ಮ್ಯೂಸಿಯಂನಲ್ಲಿರುವ, ವಾಂಗ್ ಶಿಮಿನ್ 1654ರಲ್ಲಿ ಬರೆದ ಭೂದೃಶ್ಯ.

ಚೀನೀಯರು ಭೂದೃಶ್ಯವನ್ನು 'ಶಾನ್-ಶುಯಿ' ಎನ್ನುತ್ತಾರೆ, ಎಂದರೆ ಬೆಟ್ಟ-ನೀರು. ಕಾಡಿಗೆಗೆ ಅಂಟು ಬೆರೆಸಿದ ಮಸಿಕಡ್ಡಿಯನ್ನು ಕಲ್ಲಿನ ಮೇಲೆ ಗಂಧದಂತೆ ನೀರಲ್ಲಿ ತೇಯುತ್ತಾರೆ. ನೀರು ಕಡಿಮೆಯಾದರೆ ಕಡುಗಪ್ಪು, ಹೆಚ್ಚಿದರೆ ತಿಳಿಬೂದು. ಮಂಜು ಬೇಕಾದ ಕಡೆ ಕಾಗದವನ್ನು ಹಾಗೇ ಬಿಡುತ್ತಾರೆ.

ಶು ಬಿಂಗ್ ಈ ನೀರಿನ ಕೆಲಸವನ್ನು ದೂರಕ್ಕೆ ಒಪ್ಪಿಸಿದರು. ಮಸುಕು ಗಾಜಿನ ಹಿಂದೆ ದೀಪ, ನಡುವೆ ವಸ್ತುಗಳು. ಗಾಜಿಗೆ ತಾಗಿದ ಕಡ್ಡಿಯ ನೆರಳು ಒಣಕುಂಚದ ಗೆರೆಯಂತೆ ಚೂಪಾಗಿ ಮೂಡುತ್ತದೆ. ಅದನ್ನೇ ತುಸು ಹಿಂದೆ ಸರಿಸಿದರೆ ಅಂಚು ಕರಗಿ, ಒದ್ದೆ ಕಾಗದದಲ್ಲಿ ಹರಡಿದ ಮಸಿಯಂತಾಗುತ್ತದೆ. ಏನೂ ಇಲ್ಲದ ಕಡೆ ಬರೀ ಬೆಳಕು, ಅದೇ ಮಂಜು.

ಈ ಮಾಲೆ ಶುರುವಾದದ್ದು 2004ರಲ್ಲಿ, ಬರ್ಲಿನ್ನಿನ ಪೂರ್ವ ಏಷ್ಯಾ ಕಲಾ ಮ್ಯೂಸಿಯಂನಲ್ಲಿ. ಎರಡನೇ ಮಹಾಯುದ್ಧದ ಕೊನೆಗೆ ಅಲ್ಲಿನ ಸಂಗ್ರಹದ ಬಹುಪಾಲನ್ನು ಸೋವಿಯತ್ ಸೇನೆ ಹೊತ್ತೊಯ್ದಿತ್ತು. ಹಾಗೆ ಕೈಬಿಟ್ಟುಹೋದ ಚಿತ್ರಗಳನ್ನು ಶು ಬಿಂಗ್ ನೆರಳಿನಲ್ಲಿ ಮರಳಿ ತಂದರು. ಮೂಲ ಇಲ್ಲದ ಜಾಗದಲ್ಲಿ ನೆರಳಷ್ಟೇ ಇರುವುದು ಅಲ್ಲಿ ಬರಿಯ ಚಮತ್ಕಾರವಾಗಿರಲಿಲ್ಲ.

ಕಣ್ಣಿನ ರೂಢಿಯನ್ನು ಕೆಣಕುವುದು ಅವರಿಗೆ ಹೊಸದಲ್ಲ. 1980ರ ದಶಕದ ಕೊನೆಯಲ್ಲಿ ಸುಮಾರು 4,000 ಹುಸಿ ಅಕ್ಷರಗಳನ್ನು ಮರದಲ್ಲಿ ಕೊರೆದು, 'ಆಕಾಶದ ಪುಸ್ತಕ' ಅಚ್ಚು ಹಾಕಿದ್ದರು. ನೋಡಲು ಅಪ್ಪಟ ಚೀನೀ ಲಿಪಿ. ಓದಲು ಚೀನೀಯರಿಗೂ ಬಾರದು. ಅಲ್ಲಿ ಅಕ್ಷರದಂತೆ ಕಂಡದ್ದು ಅಕ್ಷರವಲ್ಲ. ಇಲ್ಲಿ ಕುಂಚದಂತೆ ಕಂಡದ್ದು ಕುಂಚವಲ್ಲ.

ಆದರೂ ಇದು ಪರಂಪರೆಯ ಅಣಕವಲ್ಲ. ಗುಟ್ಟು ತಿಳಿದು ಮತ್ತೆ ಮುಂದೆ ಬಂದು ನಿಂತರೂ ಕಣ್ಣಿಗೆ ಕಸ ಕಾಣುವುದಿಲ್ಲ, ಬೆಟ್ಟವೇ ಕಾಣುತ್ತದೆ.